ಎಲೆಗಳ ಕೆಳಗಿನ ಸೀರೆಯಂಚು

ಚಿತ್ರದ ಬಲಭಾಗದಲ್ಲಿ, ಹೊಂಗೆ ಎಲೆಗಳ ಗೊಂಚಲಿನ ಕೆಳಗೆ, ಬೆರಳಗಲದ ಒಂದು ಸೀರೆಯಂಚು ಇದೆ. ಕಂದುಗೆಂಪು, ಅದರೊಳಗೆ ಹಳದಿಯ ಸಣ್ಣ ಗೆರೆ. ನೋಡುವವರಿಗೆ ಅದು ಕಾಣುವುದಿಲ್ಲ. ಅದನ್ನು ಬರೆದವಳೂ ನಾನು, ಆಮೇಲೆ ಎಲೆ ಬರೆದು ಮುಚ್ಚಿದವಳೂ ನಾನು.

ಆ ಅಂಚು ಪದ್ಮಾ ಆಂಟಿಯ ಸೀರೆಯದು. ಚಿತ್ರದಲ್ಲಿ ಮಲಗಿರುವವಳು ಅವರ ಮಗಳು ರೇವತಿ, ನನ್ನ ಗೆಳತಿ. ರೇವತಿ ತನ್ನ ಅಮ್ಮನಿಗೆ ಬರಬೇಡ ಎಂದು ಯಾವತ್ತೂ ಹೇಳಲಿಲ್ಲ. ಹೇಳಿದಳೆಂದು ಆಂಟಿ ಇಷ್ಟು ವರ್ಷ ನಂಬಿಕೊಂಡು ಬಂದರು — ನಂಬಲು ಬಿಟ್ಟವಳು ನಾನು.

ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಕ್ವಾರ್ಟರ್ಸ್ ಎದುರುಬದುರು. ಚಿತ್ರ ಬರೆಯಲು ನನಗೊಂದು ಮುಖ ಬೇಕಾದಾಗಲೆಲ್ಲ ರೇವತಿ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಗೊಣಗುತ್ತಲೇ ಕೂರುತ್ತಿದ್ದಳು. ಬರೆದದ್ದನ್ನು ನೋಡಿ, "ಮೂಗು ನಿಂದೇ ಹಾಕಿದೀಯಲ್ಲೇ ಮಾರಾಯ್ತಿ! ನಂದು ಇಷ್ಟು ದಪ್ಪ ಇದ್ಯಾ?" ಎಂದು ಮನೆಯೊಳಗೆ ಒಯ್ದು ಅಮ್ಮನಿಗೆ ದೂರು ಕೊಡುತ್ತಿದ್ದಳು. ಕಾಗದದ ಮಿಲ್ಲು ನಿಂತ ಮೇಲೆ ಅವರು ಅಲ್ಲೇ ಹತ್ತಿರದ ಜನ್ನಾಪುರಕ್ಕೆ ಹೋದರು, ನಾವು ಶಿವಮೊಗ್ಗಕ್ಕೆ ಬಂದೆವು.

ನಾನು ಎಂ.ಎ. ಓದುತ್ತಿದ್ದಾಗ ರೇವತಿಯ ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದರು. ಆಂಟಿ ದಿನಾ ಜನ್ನಾಪುರದಿಂದ ಬಸ್ಸಿನಲ್ಲಿ ಗಂಜಿ ತರುತ್ತಿದ್ದರು. ಅವರು ಬರುವವರೆಗೆ ನಾನು ಜೊತೆಗಿರುತ್ತಿದ್ದೆ. ನೋಡಿಕೊಳ್ಳಲು ಹೋಗುತ್ತಿದ್ದೆ ಎಂದು ಹೇಳಬಹುದು. ಆದರೆ ಚೀಲದಲ್ಲಿ ಸ್ಕೆಚ್ ಪುಸ್ತಕ ಇರುತ್ತಿತ್ತು — ಪೆನ್ಸಿಲ್ ಮನೆಯಲ್ಲೇ ಚೂಪು ಮಾಡಿಕೊಂಡಿರುತ್ತಿದ್ದೆ.

ಆ ಮಧ್ಯಾಹ್ನ ಬಾಗಿಲಿನಿಂದ ಬಂದ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಮುಖ ಬಾಗಿಲ ಕಡೆ ತಿರುಗಿಸು ಎಂದೆ. ಕನ್ನಡಕದ ಗಾಜು ಹೊಳೆಯುತ್ತಿತ್ತು, ಅದನ್ನೂ ತೆಗೆದಿಟ್ಟೆ. ಕನ್ನಡಕವಿಲ್ಲದಿದ್ದರೆ ಅವಳಿಗೆ ತನ್ನ ಮಂಚದ ತುದಿಯೇ ಮಸುಕು. ಕೋಣೆಯೊಳಗೆ, ಅರ್ಧ ತೆರೆದ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಬರೆಯತೊಡಗಿದೆ. ಹೊರಗಿನಿಂದ ಬಂದವರಿಗೆ ನಾನು ಕಾಣುತ್ತಿರಲಿಲ್ಲ. ಪೆನ್ಸಿಲಿನ ಸದ್ದು ಅವಳಿಗೆ ಕೇಳಿಸಿತು. ಆಕ್ಸಿಜನ್ ಮಾಸ್ಕ್ ಒಳಗಿನಿಂದಲೇ, "ಬರೀಬೇಡ" ಎಂದಳು. ಉಸಿರು ಸಾಲಲಿಲ್ಲ, ಮಾತು ನಿಂತಿತು.

ಆಗಲೇ ಹೊಸ್ತಿಲ ಬಳಿ ಸೀರೆಯಂಚು ಕಂಡದ್ದು. ಒಂದು ಕ್ಷಣ ಅಲ್ಲೇ ಇತ್ತು — ಆಮೇಲೆ ಇರಲಿಲ್ಲ.

ರೇವತಿ ಉಸಿರು ಎಳೆದುಕೊಂಡು ಮಾತು ಮುಗಿಸಿದಳು. "ಹೀಗಿರೋವಾಗ ಬರೀಬೇಡ ಕಣೇ. ಹೆಣದ ಥರ ಕಾಣ್ತೀನಿ."

ನನಗೆ ಅರ್ಥವಾಗಿತ್ತು. ನಡುವಿನ ಅಕ್ಷರ ಎಳೆದರೆ ಬರೀಬೇಡ. ಎಳೆಯಲು ಉಸಿರಿಲ್ಲದಿದ್ದರೆ ಬರಬೇಡ. ಆಂಟಿಗೆ ಕಂಡದ್ದು ತನ್ನ ಕಡೆಗೇ ತಿರುಗಿದ ಮಗಳ ಮುಖ, ಕೇಳಿದ್ದು ಆ ಒಂದು ಪದ. ಎದ್ದು ಹೋಗಿ ಕರೆಯಬಹುದಿತ್ತು. ಕರೆದಿದ್ದರೆ ಅವರು ಒಳಗೆ ಬರುತ್ತಿದ್ದರು, ಬೆಳಕಿಗೆ ಅಡ್ಡ ನಿಲ್ಲುತ್ತಿದ್ದರು... ನಾನು ಏಳಲಿಲ್ಲ. ಗೆಳತಿ ಬೇಡವೆಂದ ಚಿತ್ರವನ್ನು ಮುಗಿಸಿದೆ. ಕೊನೆಗೆ, ಕಂಡದ್ದೆಲ್ಲ ಇರಲಿ ಎಂದು, ಆ ಅಂಚನ್ನೂ ಬರೆದೆ.

ಸಂಜೆ ರೇವತಿ ಕೇಳಿದಳು, "ಅಮ್ಮ ಯಾಕೇ ಬರ್ಲಿಲ್ಲ ಇವತ್ತು?"

"ಬಸ್ ಸಿಕ್ಕಿಲ್ವೇನೋ," ಎಂದೆ.

ಆಮೇಲೆ ಆಂಟಿ ಬರುತ್ತಿದ್ದದ್ದು ಅವಳು ನಿದ್ದೆ ಹೋದ ಮೇಲೆ ಮಾತ್ರ. ಆ ವಾರವೇ ರೇವತಿ ತೀರಿಕೊಂಡಳು.

ಆ ಸ್ಕೆಚ್ಚನ್ನು, ಮಾಸ್ಕ್ ಒಂದನ್ನು ಬಿಟ್ಟು, ಕ್ಯಾನ್ವಾಸಿಗೆ ತಂದೆ. ಆಸ್ಪತ್ರೆಯ ಮಂಚದ ಸುತ್ತ ಕಾಗದನಗರದ ಹೊಂಗೆ ಮರಗಳನ್ನು ಬೆಳೆಸಿದೆ. ಸೀರೆಯಂಚು ಇರುವ ಕಡೆ ಎಲೆಗಳು ದಟ್ಟವಾದವು. ನನ್ನ ಚಿತ್ರಗಳಲ್ಲಿ ಜನ ಹೆಚ್ಚು ಹೊತ್ತು ನಿಂತು ನೋಡುವುದು ಇದನ್ನೇ. "ಈ ಎಲೆಗಳು ನೆನಪು ಅಲ್ವಾ ಮೇಡಂ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ದುಃಖ, ನಿಸರ್ಗ ಎಂದೆಲ್ಲ ಮಾತಾಡಿದ್ದೇನೆ — ಎಲೆಗಳು ಏನನ್ನು ಮುಚ್ಚಿವೆ ಎಂದು ಮಾತ್ರ ಯಾರಿಗೂ...

ಈಚೆಗೆ ಶಿವಮೊಗ್ಗದಲ್ಲಿ ನನ್ನ ಚಿತ್ರಗಳ ಪ್ರದರ್ಶನವಿತ್ತು. ನಾನು ಕರೆಯದಿದ್ದರೂ ಆಂಟಿ ಬಂದರು. ಚಿತ್ರದ ಮುಂದೆ ನಿಂತು, "ಈ ಸಲ ಮೂಗು ಸರಿ ಬಂದಿದೆ ನೋಡು," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ಒಂದು ಕೇಳ್ಲಾ ಮೇಧಾ? ಅವತ್ತು ನಾನಿನ್ನೂ ಬಾಗ್ಲಲ್ಲಿದ್ದೆ, ಬರಬೇಡ ಅಂದ್ಬಿಟ್ಲು. ನನ್ನೇ ನೋಡ್ಕೊಂಡು ಅಂದ್ಲು. ಗಂಜಿ ಹಿಡ್ಕೊಂಡು ಮೆಟ್ಲ ಮೇಲೆ ಕೂತಿದ್ದೆ. ನನ್ನ ಮೇಲೆ ಏನ್ ಸಿಟ್ಟಿತ್ತು ಅಂತ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?"

ಸುತ್ತ ಜನರಿದ್ದರು. ಅದು ಕಾರಣವಲ್ಲ.

"ಇಲ್ಲ ಆಂಟಿ," ಎಂದೆ.

"ಹೋಗ್ಲಿ ಬಿಡು," ಎಂದು ನನ್ನ ಕೆನ್ನೆ ಸವರಿ ಹೊರಟರು.

ಮರುದಿನ ಬೆಳಿಗ್ಗೆ ಚಿತ್ರವನ್ನು ಗೋಡೆಯಿಂದ ಇಳಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಜನ್ನಾಪುರಕ್ಕೆ ಹೋದೆ. ಆಂಟಿ ಯಾರದೋ ರವಿಕೆಗೆ ಹುಕ್ಕು ಹೊಲಿಯುತ್ತಿದ್ದರು. ಕೂತ್ಕೋ ಎಂದರು. ನಿಂತೇ ಹೇಳಿದೆ.

"ಅವಳು ಬರಬೇಡ ಅನ್ಲಿಲ್ಲ ಆಂಟಿ. ಬರೀಬೇಡ ಅಂದ್ಲು. ನಂಗೆ ಅಂದಿದ್ದು. ಕನ್ನಡಕ ನಾನು ತೆಗೆದಿಟ್ಟಿದ್ದೆ, ನೀವು ಬಂದಿದ್ದು ಅವಳಿಗೆ ಕಾಣ್ಲಿಲ್ಲ. ನಂಗೆ ಕಾಣ್ತು. ಸಂಜೆ, ಅಮ್ಮ ಯಾಕೆ ಬರ್ಲಿಲ್ಲ ಅಂತ ಕೇಳಿದ್ಲು."

ಸೂಜಿ ಅರ್ಧಕ್ಕೆ ನಿಂತಿತು. ಎರಡು ಪದಗಳನ್ನೂ ತಮ್ಮಷ್ಟಕ್ಕೆ ಮೆಲ್ಲನೆ ಹೇಳಿ ನೋಡಿಕೊಂಡರು — ಮೊದಲು ಒಂದು, ಆಮೇಲೆ ಇನ್ನೊಂದು.

"ಕೇಳಿದ್ಲಾ?"

"ಕೇಳಿದ್ಲು."

ಸೂಜಿಯನ್ನು ರವಿಕೆಗೆ ಚುಚ್ಚಿಟ್ಟು ಬೆಡ್‌ಶೀಟಿನ ಕಡೆ ನೋಡಿದರು. "ಬೇಡ ಅಂದ್ಮೇಲೂ ಯಾಕೆ ಬರ್ದೆ?"

ಚಿತ್ರವನ್ನು ಗೋಡೆಗೆ ಒರಗಿಸಿಟ್ಟೆ. ಇಟ್ಟು ಹೋಗು ಎಂದೂ ಅವರು ಹೇಳಲಿಲ್ಲ, ತಗೊಂಡು ಹೋಗು ಎಂದೂ ಹೇಳಲಿಲ್ಲ. ಯಾರ ಮನೆಯಿಂದ ಹೊರಡುವಾಗಲೂ ನಾವು ಬರ್ತೀನಿ ಎನ್ನುತ್ತೇವೆ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹಾಗೇ ಮೆಟ್ಟಿಲಿಳಿದೆ.