ಇಪ್ಪತ್ತೊಂದನೇ ಸಿಪಾರಾದ ಒಂದು ಪುಟ

ಭಾಲ್ಕಿಯಲ್ಲಿದ್ದ ನನ್ನ ಸೋದರಮಾವ ತಾವು ದೇವರ ಪೇಶ್ಕಾರರೆಂದೇ ತಿಳಿದು ಬದುಕಿದವರು. ನಾವು ಅವರನ್ನು ಮಾಮು ಎನ್ನುತ್ತಿದ್ದೆವು. ಎಮ್ಮೆ ಕಳೆದುಕೊಂಡವರು, ಮಗನಿಗೆ ಹೆಣ್ಣು ಸಿಗದವರು, ದಾಯಾದಿಯ ಜೊತೆ ಬಡಿದಾಡಿದವರು ಎಲ್ಲರೂ ಬಂದು ಅವರ ಜಗಲಿಯ ಮೇಲೆ ಕೂರುವರು. ಮಾಮು ಸ್ನಾನ ಮಾಡಿ, ನಮಾಜು ಮುಗಿಸಿ, ಕುರಾನಿನ ಗವಸು ಬಿಚ್ಚಿ, ಕಣ್ಣು ಮುಚ್ಚಿ ಎಲ್ಲೋ ಒಂದು ಕಡೆ ತೆರೆಯುವರು. ಅಲ್ಲಿಂದ ಏಳು ಹಾಳೆ ಮಗುಚಿ, ಏಳನೇ ಸಾಲಿಗೆ ಬೆರಳಿಟ್ಟು, ಆ ಸಾಲಿನ ಮೊದಲ ಅಕ್ಷರ ಯಾವುದೆಂದು ನೋಡುವರು. ಆಮೇಲೆ ಹಿಂದಿನ ರಟ್ಟಿನ ಬಳಿ ಛಾಪಖಾನೆಯವರು ಸೇರಿಸಿದ್ದ ಒಂದು ಪಟ್ಟಿ. ಈ ಅಕ್ಷರ ಬಂದರೆ ಕೆಲಸ ಆಗುತ್ತದೆ, ಆ ಅಕ್ಷರ ಬಂದರೆ ತಾಳ್ಮೆ ಬೇಕು, ಇನ್ನೊಂದು ಬಂದರೆ ಪ್ರಯಾಣ. ಇದಕ್ಕೆ ಫಾಲ್ ತೆಗೆಯುವುದು ಎಂದು ಹೆಸರು. ಆ ಅಕ್ಷರದಿಂದ ಶುರುವಾಗುವ ವಾಕ್ಯ ಏನು ಹೇಳುತ್ತದೆ ಎಂದು ಅವರು ನೋಡಿದ್ದನ್ನು ನಾನಂತೂ ಕಾಣೆ. ಪತ್ರ ಬಂದರೆ ಒಡೆಯದೆ, ಲಕೋಟೆಯ ಅಂಟು ನೆಕ್ಕಿ ಸುದ್ದಿ ಹೇಳಿದ ಹಾಗೆ.

ನನ್ನ ದಂಧೆ ಬೇರೆ. ನಾನು ಜನರ ಧ್ವನಿ ಕದಿಯುತ್ತಿದ್ದೆ. ಬೀದರಿನ ನಮ್ಮ ಓಣಿಯಲ್ಲಿ ಯಾರ ಕೆಮ್ಮು ಹೇಗೆ, ಯಾರು ಮಾತಿನ ನಡುವೆ ಎಷ್ಟು ಸಲ ಮೂಗು ಎಳೆಯುತ್ತಾರೆ, ಎಲ್ಲವೂ ನನ್ನ ಗಂಟಲಲ್ಲಿತ್ತು. ಹತ್ತೊಂಬತ್ತು ವಯಸ್ಸು, ಉರ್ದು ಶಾಲೆಯ ಮೆಟ್ರಿಕ್ ಪಾಸು, ಕೆಲಸ ಇಲ್ಲ. ಇಂಥವನಿಗೆ ಊರೆಲ್ಲ ಗೇಲಿಯ ವಸ್ತು. ಮಾಮುವಿನ ಫಾಲಂತೂ ನನ್ನ ಹಬ್ಬದ ಆಟ.

ನಲವತ್ತೆಂಟರ ಆ ಸೆಪ್ಟೆಂಬರಿನ ಮೊದಲು ಮಾಮು ಫಾಲ್ ತೆಗೆದು ಗೆಲುವು ಎಂದಿದ್ದರು. ಹಿಂದೂಸ್ತಾನದ ಫೌಜು ಬಂದು ಐದು ದಿನಕ್ಕೆ ನಿಜಾಮರ ರಾಜ್ಯವೇ ಮುಗಿಯಿತು. ಆರನೆಯ ದಿನ ಮಾಮುವಿನ ಕೆಂಪು ಟೊಪ್ಪಿಗೆ ಕುಚ್ಚಿನ ಸಮೇತ ಬಾವಿಗೆ ಬಿತ್ತು. ಕೇಳಿದರೆ, “ಗೆಲುವು ಅಂತ ಬಂದಿತ್ತು. ಯಾರ್ದು ಅಂತ ಎಲ್ಲಿ ಬಂದಿತ್ತು?” ಎಂದರು.

ನಾನೇನು ದೊಡ್ಡ ವೀರನೇ? ರಜಾಕಾರರು ಬರ್ಛಿ ಹೊತ್ತು ಮೆರೆಯುವಾಗ ಅವರ ಕವಾಯತನ್ನು ಅಣಕಿಸಿ ಗೆಳೆಯರನ್ನು ನಗಿಸಿದ್ದೆ, ಎದುರಿಗೆ ಸಿಕ್ಕರೆ ಮಾತ್ರ ಸೊಂಟ ಬಗ್ಗಿಸಿ ಸಲಾಂ ಹೊಡೆದಿದ್ದೆ. ಅವರು ಓಡಿಹೋದ ಮೇಲೆ ಹಳ್ಳಿಗಳಲ್ಲಿ ಸೇಡು ಶುರುವಾಯಿತು; ಸೇಡಿಗೆ ಸಿಕ್ಕವರು ಓಡಿಹೋಗದ ಬಡವರು. ಆಗ ಒಂದು ದಿನ ದಾರಿಯಲ್ಲಿ ಕೊಡಲಿ ಹಿಡಿದ ಹತ್ತು ಜನ ನನ್ನನ್ನು ನಿಲ್ಲಿಸಿದರು. ನನ್ನ ಹಣೆಯ ಮೇಲೆ ವಿಭೂತಿಯಿತ್ತು. ಒಲೆಯ ಬೂದಿ ಅದು. “ಶರಣ್ರೀ ಯಪ್ಪಾ. ಮಠಕ್ಕ ಹೊಂಟೇನ್ರಿ, ಸ್ವಾಮಿಗೋಳಿಗಿ ಆರಾಮಿಲ್ಲಂತ” ಎಂದೆ, ನಮ್ಮ ಓಣಿಯ ಎಣ್ಣೆ ಅಂಗಡಿಯ ಶೆಟ್ಟರ ಧ್ವನಿಯಲ್ಲಿ, ಅವರ ಗೊರಗೊರ ಸಹಿತ. ಬಿಟ್ಟರು. ಒಬ್ಬ ಬೆಲ್ಲದ ಚೂರನ್ನೂ ಕೊಟ್ಟ. ಈ ಕತೆಯನ್ನು ಆಮೇಲೆ ಎಷ್ಟೋ ಸಲ ಆಡಿ ತೋರಿಸಿ ನಗಿಸಿದ್ದೇನೆ. ನನ್ನ ಹಿಂದೆ ಬರುತ್ತಿದ್ದ ಇಬ್ಬರಿಗೆ ಅಂಥ ಕನ್ನಡ ಬರುತ್ತಿರಲಿಲ್ಲ ಎಂಬ ಭಾಗವನ್ನು ಮಾತ್ರ ಯಾವಾಗಲೂ ಬಿಟ್ಟುಬಿಡುತ್ತಿದ್ದೆ.

ನನ್ನ ಅಕ್ಕ ಔರಾದಿನಲ್ಲಿದ್ದಳು. ಭಾವ ಬಳೆಗಾರ, ಸುತ್ತಲ ಹಳ್ಳಿಗಳ ಹೆಂಗಸರ ಕೈಯ ಅಳತೆಯೆಲ್ಲ ಅವರಿಗೆ ಬಾಯಿಪಾಠ. ಫೌಜು ಬರುವ ಮುಂಚಿನ ವಾರ ಬಳೆಯ ಗಂಟು ಹೊತ್ತು ಹೋದವರು ತಿರುಗಿ ಬರಲಿಲ್ಲ. ಖಟಕ ಚಿಂಚೋಳಿಗೆ ಬಂದಿದ್ದರು, ಅಲ್ಲಿಂದ ಹೊರಟರು ಎಂಬಲ್ಲಿಗೆ ಸುದ್ದಿ ನಿಂತುಹೋಯಿತು. ಹೆಣವೂ ಸಿಗಲಿಲ್ಲ.

ಮೂರು ತಿಂಗಳು ಕಳೆದವು. ಅಕ್ಕನ ಮಾವನವರು ಅಂಜಿ ಅಂಜಿ ಅರ್ಧವಾಗಿದ್ದರು. ಹೈದರಾಬಾದಿನಲ್ಲಿ ಅವರ ಸಣ್ಣ ಮಗನಿದ್ದ. ಮನೆಗೆ ಬೀಗ ಹಾಕಿ, ಹೊಲ ಬಿಟ್ಟು, ಹೆಂಡತಿ ಸೊಸೆಯನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೆಂದು ಅವರ ಮನಸ್ಸು. ಅಕ್ಕ ಒಂದೇ ಮಾತು ಹಿಡಿದಿದ್ದಳು: “ಅವರು ಬಂದ್ರ ಈ ಬಾಗಿಲಿಗೇ ಬರ್ತಾರ. ಬೀಗ ನೋಡಿ ಎಲ್ಲಿ ಹೋಗ್ಬೇಕು ಅವರು?” ಕೊನೆಗೆ ಮುದುಕರು ನನ್ನನ್ನು ಕರೆಸಿದರು. ಭಾಲ್ಕಿಗೆ ಹೋಗಿ ಮಾಮುವಿನಿಂದ ಫಾಲ್ ತೆಗೆಸಿಕೊಂಡು ಬಾ, ಅದರಲ್ಲಿ ಬಂದಂತೆ ಎಲ್ಲರೂ ಹೋಗುವುದು ಇಲ್ಲವೇ ಎಲ್ಲರೂ ಇರುವುದು ಎಂದರು. ಗಂಡ ಬರುವ ಬಾಗಿಲು ತೆರೆದಿರಬೇಕೋ ಬೇಡವೋ ಎಂಬುದು ಹೀಗೆ ಒಂದು ಅಕ್ಷರಕ್ಕೆ ಬಂದು ನಿಂತಿತು.

ಭಾಲ್ಕಿಯಲ್ಲಿ ಮಾಮು ಎಲ್ಲ ಶಾಸ್ತ್ರ ಮಾಡಿ, ಬೆರಳಿಟ್ಟು, ಆ ಸಾಲನ್ನು ರಾಗವಾಗಿ ಓದಿದರು. ಧ್ವನಿ ಮಾತ್ರ ಜೇನು, ಅದನ್ನು ಹಳಿಯಲಾರೆ. ಆಮೇಲೆ ಪಟ್ಟಿ ನೋಡಿದರು.

“ಬಂತು. ಸಫರ್. ಊರು ಬಿಡಬೇಕು.”

“ಮಾಮು, ಅಲ್ಲಿ ಏನ್ ಬರದದ?”

“ಎಲ್ಲಿ?”

“ನಿಮ್ಮ ಬೆರಳಿನ ಕೆಳಗ.”

“ಕಲಾಮ್ ಪಾಕ್ ಅದು, ದೇವರ ಮಾತು! ಅರ್ಥ ಕೇಳ್ತಿ ಏನು? ಅರ್ಥ ಹೇಳ್ಲಿಕ್ಕಿ ಆಲಿಮರು ಅದಾರ.”

“ಮತ್ತ ನೀವು?”

“ನಾ ಇಶಾರಾ ನೋಡಾವ” ಎಂದು ಗವಸು ಕಟ್ಟಿದರು.

ರೈಲಿನಲ್ಲಿ ಬೀದರಿಗೆ ಬಂದು, ಜನವಾಡದ ಮೇಲೆ ಹೋಗುವ ಬಸ್ಸು ಹತ್ತಿ ಔರಾದಿಗೆ ಹೊರಟೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಿದ್ದಿ ತೀಡಿದೆ. ತಾಳ್ಮೆಯ ಅಕ್ಷರ ಬಂತು, ಊರು ಬಿಡಬಾರದು ಎನ್ನುವುದು. ಮಾಮುವಿಗಿಂತ ನಾನು ಪ್ರಾಮಾಣಿಕನೆಂದಲ್ಲ. ನನ್ನ ಸುಳ್ಳು ನನ್ನ ಅಕ್ಕನಿಗೆ ಅನುಕೂಲವಾಗಿತ್ತು, ಅಷ್ಟೆ.

ಅಂಗಳದಲ್ಲಿ ಬಂಡಿ ಸಜ್ಜಾಗಿ ನಿಂತಿತ್ತು. ಮುದುಕರು ಗೋಡೆಗೆ ಒರಗಿ ಕೂತಿದ್ದರು, ಅಕ್ಕನ ಅತ್ತೆ ಹೊಸ್ತಿಲ ಮೇಲೆ. ಪಕ್ಕದ ಮನೆಯ ಗೌಡರೂ ಬಂದಿದ್ದರು. ಆ ಕೆಟ್ಟ ದಿನಗಳಲ್ಲಿ ಒಂಬತ್ತು ದಿನ ಈ ಮನೆಯವರನ್ನು ತಮ್ಮ ಅಟ್ಟದಲ್ಲಿ ಅಡಗಿಸಿಟ್ಟು ರೊಟ್ಟಿ ಕೊಟ್ಟವರು ಇವರೇ. ಅದೆಲ್ಲ ಮುಗಿದ ಮೇಲೆ ಈ ಮನೆಯವರ ಹೊಲದಲ್ಲಿ ತೆನೆ ಹಿಡಿಯುತ್ತಿದ್ದ ಜೋಳದ ಕಡೆಗೆ ದಿನಕ್ಕೆರಡು ಸಲ ನೋಡುವವರೂ ಇವರೇ. ಒಬ್ಬನೇ ಮನುಷ್ಯ, ಎರಡೂ ಖರೆ. ಅವರ ಮನೆಯಲ್ಲಿ ಹಲ್ಲಿ ಲೊಚ್ಚೆನ್ನದೆ ಯಾರೂ ಸಂತೆಗೆ ಹೊರಡುತ್ತಿರಲಿಲ್ಲ, ಹಾಗಾಗಿ ಫಾಲಿನ ಮೇಲೆ ಅವರಿಗೆ ನಮಗಿಂತ ಹೆಚ್ಚು ನಂಬಿಕೆ.

“ಏನ್ ಬಂತೋ ತಮ್ಮಾ, ಫಾಲ್ದಾಗ?” ಎಂದು ಮೊದಲು ಕೇಳಿದವರೂ ಅವರೇ.

ನಾನು ಆಟ ಶುರು ಮಾಡಿದೆ. ಮಾಮುವಿನ ಹಾಗೆ ಕಣ್ಣು ಮುಚ್ಚಿದೆ, ಗಂಟಲು ಸರಿಮಾಡಿಕೊಂಡೆ, ಗಾಳಿಯಲ್ಲಿ ಏಳು ಹಾಳೆ ಮಗುಚಿದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ಮನೆಯಲ್ಲಿ ಮೂರು ತಿಂಗಳ ಮೇಲೆ ಕೇಳಿದ ಮೊದಲ ನಗು ಅದು. ಹುರುಪು ಬಂದು ಮಾಮುವಿನ ಧ್ವನಿಯಲ್ಲಿ ಸಾರಿದೆ: “ಸಬರ್! ತಾಳ್ಮಿ! ಊರು ಬಿಡಬ್ಯಾಡ್ರಿ!”

ಮುದುಕರು ಉಸಿರು ಬಿಟ್ಟು, “ಬಂಡಿ ಬಿಚ್ರಿ ಹಂಗಾದ್ರ” ಎಂದರು. ಗೌಡರ ಮುಖ ಸಣ್ಣದಾಯಿತು.

ಅಕ್ಕ ಒಳಗಿನಿಂದ ಬಂದು ನನ್ನ ಎದುರು ನಿಂತಳು. “ಮಾಮು ಖರೇ ಏನಂದ್ರು?”

“ಹೇಳ್ದೆನಲ್ಲ ಆಪಾ.”

“ಸಣ್ಣಾವಿದ್ದಾಗಿಂದ ನೋಡೀನಿ ನಿನ್ನ. ಸುಳ್ಳು ಹೇಳಾಗ ಆಟ ಭಾಳ ಚಂದ ಕಟ್ತಿ ನೀ. ಖರೇ ಹೇಳು.”

“ನಿನ್ನ ಸಲುವಾಗಿನೇ…”

“ನನ್ನ ಸಲುವಾಗಿ ಕುರಾನಿನ ಮ್ಯಾಲ ಸುಳ್ಳು ಕಟ್ತಿ? ಅಷ್ಟು ಅಗ್ಗ ಆತೇನು ಅದು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಫರ್ ಬಂದಿತ್ತು ಎಂದು ಒಪ್ಪಿಕೊಂಡೆ. ಮುದುಕರು ಮತ್ತೆ ಬಂಡಿಯ ಕಡೆ ನೋಡಿದರು. ಗೌಡರು ಸಮಾಧಾನದ ಮುಖ ಮಾಡಿ, “ಎಲ್ಲಾ ಅವನ ಇಚ್ಛಾ” ಎಂದರು. ಅವನು ಯಾರು ಎಂದು ನಾನು ಕೇಳಲಿಲ್ಲ.

“ಯಾವ ಸಾಲು ಬಂದಿತ್ತು?” ಎಂದು ಅಕ್ಕ ಬಿಡಲಿಲ್ಲ.

ಕದ್ದ ಧ್ವನಿ ಗಂಟಲಲ್ಲೇ ಇತ್ತು. ಗಿಣಿಯ ಹಾಗೆ ಒಪ್ಪಿಸಿದೆ. ಅವಳು ನಡುವೆಯೇ ತಡೆದು ಮುಂದಿನ ಸಾಲನ್ನು ತಾನೇ ಹೇಳಿದಳು. ಪ್ರತಿ ರಂಜಾನಿನಲ್ಲಿ ಓದಿದ ಪುಟವದು. ಒಳಗೆ ಹೋಗಿ ಮದುವೆಯಲ್ಲಿ ಅವಳಿಗೆ ಕೊಟ್ಟಿದ್ದ ಕುರಾನನ್ನು ತಂದು, ಇಪ್ಪತ್ತೊಂದನೇ ಸಿಪಾರಾ ತೆಗೆದಳು. ಮೂವತ್ತು ಭಾಗಗಳಲ್ಲಿ ಒಂದಕ್ಕೆ ಸಿಪಾರಾ ಎನ್ನುತ್ತಾರೆ. ಪ್ರತಿ ಅರಬಿ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಉರ್ದು ಅರ್ಥ ಅಚ್ಚಾಗಿತ್ತು. ಸ್ವರದ ಗುರುತು ಹಚ್ಚಿದ ಅರಬಿಯನ್ನು ಅವಳು ನೀರಿನಂತೆ ಓದುವಳು. ಗುರುತಿಲ್ಲದ ಉರ್ದು ಅವಳಿಗೆ ಒಡೆಯದು. ನನಗೆ ಒಡೆಯುತ್ತಿತ್ತು. ಹತ್ತು ವರ್ಷ ಉರ್ದು ಕಲಿತ ನಾನು ಒಂದು ದಿನವೂ ಆ ಕೆಳಗಿನ ಸಾಲಿನ ಮೇಲೆ ಕಣ್ಣಾಡಿಸಿರಲಿಲ್ಲ. ಮಾಮುವನ್ನು ಗೇಲಿ ಮಾಡುವುದರಲ್ಲಿ ಪುರುಸೊತ್ತು ಎಲ್ಲಿ?

“ಓದು. ತಿಳಿಯೋ ಹಂಗ ಹೇಳು.”

ಶುರು ಮಾಡಿದೆ. ಮಾಮುವಿನ ಧ್ವನಿ ಬಂತು.

“ಮಾಮು ಸಾಕು” ಎಂದಳು.

ಮತ್ತೆ ಶುರು ಮಾಡಿದೆ.

“ಇವರ್ಯಾರು?”

“ನಮ್ಮ ಸಾಲಿ ಹೆಡ್ ಮಾಸ್ತರು.”

“ಅವರನ್ನೂ ಮನಿಗಿ ಕಳಸು. ನೀ ಓದು.”

ನನ್ನದೇ ಧ್ವನಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಸಿಕ್ಕದ್ದು ತೆಳ್ಳಗೆ, ಬಿರುಕು ಬಿಟ್ಟದ್ದು. ಯಾರಾದರೂ ಅದನ್ನು ಅಣಕಿಸಿದ್ದರೆ ನಾನೂ ನಗುತ್ತಿದ್ದೆ.

ನಿಮ್ಮನ್ನು ಮಣ್ಣಿನಿಂದ ಮಾಡಿದ್ದು ಅವನ ಗುರುತುಗಳಲ್ಲಿ ಒಂದು ಎಂದಿತ್ತು. ಮುಂದಿನದು ಜೋಡಿಯ ಮಾತು: ನೀವು ನೆಮ್ಮದಿ ಪಡೆಯಲೆಂದು ನಿಮ್ಮೊಳಗಿಂದಲೇ ಸಂಗಾತಿಗಳನ್ನು ಮಾಡಿದ್ದು, ನಡುವೆ ಪ್ರೀತಿ ಕರುಣೆ ಇಟ್ಟದ್ದು. ಅಲ್ಲಿಗೆ ನಾನು ನಿಂತುಬಿಟ್ಟೆ. ಅಕ್ಕನ ಮುಖ ನೋಡಲಾಗಲಿಲ್ಲ.

“ಯಾಕ ನಿಂತಿ? ಓದು” ಎಂದಳು.

ಓದಿದೆ. ನಿಮ್ಮ ನಾಲಿಗೆಗಳು, ನಿಮ್ಮ ಬಣ್ಣಗಳು ಬೇರೆ ಬೇರೆ ಇರುವುದು ಗುರುತು. ರಾತ್ರಿಯ ನಿದ್ದೆ, ಹಗಲ ದುಡಿಮೆ ಗುರುತು. ಅಂಜಿಕೆಯನ್ನೂ ಆಸೆಯನ್ನೂ ಒಟ್ಟಿಗೆ ತರುವ ಮಿಂಚು, ಸತ್ತ ನೆಲವನ್ನು ಎಬ್ಬಿಸುವ ಮಳೆ ಗುರುತು. ಒಂದೊಂದು ಮಾತೂ ಕೊನೆಗೆ ಬಂದು ಹೇಳುವುದು ಇದನ್ನೇ: ಯೋಚಿಸುವವರಿಗೆ, ತಿಳಿದವರಿಗೆ, ಕಿವಿಗೊಡುವವರಿಗೆ, ಬುದ್ಧಿ ಓಡಿಸುವವರಿಗೆ.

ಮುದುಕರು ಮುಂದಕ್ಕೆ ಬಾಗಿದರು. “ಹೋಗ್ರಿ ಅಂತ ಎಲ್ಲದ?”

“ಇಲ್ಲ ಚಚಾ.”

“ಇರ್ರಿ ಅಂತ?”

“ಅದೂ ಇಲ್ಲ.”

“ಮತ್ತ ಇದ್ಯಾವ ಇಶಾರಾ?”

ಕುರಾನಿನ ಒಂದು ವಾಕ್ಯಕ್ಕೆ ಆಯತ್ ಎನ್ನುತ್ತಾರೆ, ಆಯತ್ ಎಂದರೆ ಗುರುತು. ಇದನ್ನು ಶಾಲೆಯಲ್ಲಿ ಅಂಕಕ್ಕಾಗಿ ಬರೆದಿದ್ದೆ. ಆ ಅಂಗಳದಲ್ಲಿ ಅದು ಬೇರೆ ಬಗೆಯಾಗಿ ಕೇಳಿಸಿತು. ನಾವು ಅಕ್ಷರದಲ್ಲಿ, ಹಲ್ಲಿಯಲ್ಲಿ, ಟೊಪ್ಪಿಗೆಯ ಕುಚ್ಚಿನಲ್ಲಿ ದೇವರ ಅಪ್ಪಣೆ ಹುಡುಕಿದವರು. ಆ ಪುಟ ಬೆರಳು ಮಾಡಿದ್ದು ಮಣ್ಣು, ಮಳೆ, ಮಲಗಿದ ಮನುಷ್ಯ, ಮನೆಗೆ ಬಾರದ ಗಂಡನ ಕಡೆಗೆ. ಅವು ಎಲ್ಲರ ಕಣ್ಣೆದುರೇ ಬಿದ್ದಿದ್ದವು. ಯೋಚಿಸುವ ಕೆಲಸವೊಂದನ್ನೇ ನಮಗೆ ಬಿಟ್ಟಿತ್ತು, ನಾವು ಭಾಲ್ಕಿಯ ತನಕ ರೈಲು ಹತ್ತಿ ತಪ್ಪಿಸಿಕೊಳ್ಳಲು ನೋಡಿದ್ದು ಅದೊಂದನ್ನೇ. ಇನ್ನು ನಾಲಿಗೆಯ ಮಾತು. ಕೊಡಲಿಯವರ ಎದುರು ನಾನು ಆಡಿದ ಶೆಟ್ಟರ ನಾಲಿಗೆಯೂ ಗುರುತು, ಅದು ಬಾರದ ಆ ಇಬ್ಬರ ನಾಲಿಗೆಯೂ ಗುರುತು. ಕೊಡಲಿಯವರು ಆ ಗುರುತನ್ನೇ ಕಡಿದರು. ನಾನು ಅದನ್ನು ನಗೆಯಾಟಕ್ಕೆ ಇಟ್ಟುಕೊಂಡೆ, ಬೆಲ್ಲವನ್ನೂ ತಿಂದೆ.

ಅಕ್ಕ ಪುಸ್ತಕ ಮುಚ್ಚಿ ಗವಸು ಹಾಕಿ ಮಾವನ ಕಡೆ ತಿರುಗಿದಳು. “ಅಬ್ಬಾ, ನಾ ಇಲ್ಲೇ ಇರ್ತೇನಿ. ಇದು ಕುರಾನ್ ಹೇಳಿದ್ದಲ್ಲ. ನಾ ಹೇಳೋದು.”

“ನೀ ಹೇಳಿದ್ರ ನಾ ಯಾಕ ಕೇಳ್ಬೇಕು?”

“ಕೇಳಬ್ಯಾಡ್ರಿ. ನಿಮಗ ಅಂಜಿಕಿ ಬಂದದ, ಹೋಗ್ರಿ. ಅಂಜಿ ಹೋಗೋದು ತಪ್ಪಲ್ಲ. ಅಲ್ಲಾ ಕಳಿಸ್ಯಾನ ಅಂತ ಮಾತ್ರ ಅನಬ್ಯಾಡ್ರಿ.”

ಗೌಡರು ತಮ್ಮ ಚಪ್ಪಲಿ ಹುಡುಕತೊಡಗಿದರು. ಮರುದಿನ ಬೆಳಿಗ್ಗೆ ಮುದುಕರು ಬಂಡಿ ಹತ್ತಿದರು. ಅತ್ತೆಯೂ ಹತ್ತಿ ಕೂತರು. ಎತ್ತು ಹೆಜ್ಜೆ ಹಾಕುವಷ್ಟರಲ್ಲಿ, “ತಡೀರಿ” ಎಂದು ಇಳಿದು, ತಮ್ಮ ಗಂಟನ್ನು ಕಂಕುಳಲ್ಲಿ ಹಿಡಿದು ಒಳಗೆ ನಡೆದರು. ಬಂಡಿ ಹೋಯಿತು. ಸುದ್ದಿ ಕೇಳಿದ ಮಾಮು ಭಾಲ್ಕಿಯ ಜಗಲಿಯಲ್ಲಿ, “ನೋಡ್ರಿ, ಸಫರ್ ಅಂದಿದ್ದೆ, ಆತಲ್ಲ?” ಎಂದರಂತೆ. ಅವರ ಜಗಲಿಗೆ ಗಿರಾಕಿ ಹೆಚ್ಚಾದರು.

ಇದಕ್ಕೆ ನಾಲ್ಕು ವರ್ಷ. ಭಾವ ಬಂದಿಲ್ಲ. ಈ ಬೇಸಿಗೆಯಲ್ಲಿ ನಾನು ಔರಾದಿನಲ್ಲಿದ್ದಾಗ, ನಡು ಮಧ್ಯಾಹ್ನ, ಅಂಗಳದಲ್ಲಿ ಗಂಡಸಿನ ಹೆಜ್ಜೆ ಸಪ್ಪಳವಾಯಿತು; ಬಾಗಿಲ ಚಿಲಕ ಅಲ್ಲಾಡಿತು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು. ಹೊರಗೆ ನಿಂತಿದ್ದವರು ಅವಳ ಮಾವ, ಇನ್ನಷ್ಟು ಮುದುಕರಾಗಿ. ಆ ಒಂದು ಗಳಿಗೆಯಲ್ಲಿ ಅವಳ ಮುಖದ ಮೇಲೆ ಬಂದು ಹೋದದ್ದನ್ನು ಆಡಿ ತೋರಿಸಲು ನನಗೆ ಬರುವುದಿಲ್ಲ. ಪ್ರಯತ್ನವನ್ನೂ ಮಾಡಿಲ್ಲ.

“ಯಾರ ಹಂತೇಲೂ ಫಾಲ್ ತೆಗೆಸಿಲ್ಲ ಬೇಟಿ” ಎಂದರು ಮುದುಕರು, ಹೊಸ್ತಿಲ ಹೊರಗೇ ನಿಂತು. “ಬರ್ಬೇಕು ಅನಿಸ್ತು, ಬಂದೆ.”

“ಛಲೋ ಆತು. ಒಳಗ ಬರ್ರಿ ಅಬ್ಬಾ” ಎಂದು ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾಲಿಗೆ ನೀರು ತರಲು ಹೋದಳು.