ಹನುಮಯ್ಯನವರು ಇಳಿಸಿದ ಮೇನ್

ಹನುಮಯ್ಯನವರನ್ನು ನಾನು ಮೊದಲ ಸಲ ಮಾತಾಡಿಸಿದ್ದೇ ಬೈಯುವುದಕ್ಕೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಎಂಬತ್ತೊಂಬತ್ತನೇ ಇಸವಿ. ವಿಜಯನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ. ಮಾಲೀಕರು ವೆಂಕಟಗಿರಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಜಯದೇವಿ, ಅಂದರೆ ನಾನು, ಅಲ್ಲಿ ಪ್ರೋಗ್ರಾಮರ್. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪುಗಳಿಗೆ ಶಾಫ್ಟ್ ತಯಾರಿಸುವ ಒಂದು ಕಾರ್ಖಾನೆಗೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದಿನವಿಡೀ ಶಾಫ್ಟುಗಳ ಅಳತೆಯನ್ನು ಕಂಪ್ಯೂಟರಿಗೆ ತುಂಬುವುದು, ಸಂಜೆ ಒಂದು ಕೀ ಒತ್ತುವುದು. ಅದು ಎಲ್ಲವನ್ನೂ ಡ್ರಾಯಿಂಗಿನ ಜೊತೆ ತಾಳೆ ನೋಡಿ ರಿಪೋರ್ಟ್ ಕೊಡುವುದು. ಇಷ್ಟೇ ಕೆಲಸ.

ಕೀ ಒತ್ತಿದ ಮೇಲೆ, ರಿಪೋರ್ಟ್ ಬರುವ ಮೊದಲೇ, ಅಲ್ಲಿನ ಆಪರೇಟರ್ ಹನುಮಯ್ಯನವರು ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಿದ್ದರು. ಒಂದೇ ವಾರದಲ್ಲಿ ಮೂರು ಸಲ. ಮೂರು ದಿನದ ಅಳತೆ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಮ್ಯಾನೇಜರ್ ಗುರುಬಸಪ್ಪನವರು ಫೋನಿನಲ್ಲಿ ವೆಂಕಟಗಿರಿಯವರ ನೀರಿಳಿಸಿದರು. ವೆಂಕಟಗಿರಿಯವರು ಆ ಕೋಪವನ್ನು ಹಾಗೇ ನನ್ನ ಕೈಗೆ ದಾಟಿಸಿದರು. ನಾನು ಅದನ್ನು ಹೊತ್ತುಕೊಂಡು ಹೋಗಿ ಹನುಮಯ್ಯನವರ ತಲೆಯ ಮೇಲೆ ಸುರಿದೆ. ಇಡೀ ಇನ್‌ಸ್ಪೆಕ್ಷನ್ ರೂಮಿನ ಎದುರಿಗೆ, ಕಂಪ್ಯೂಟರ್ ಅಂದರೆ ನಿಮ್ಮ ಮನೆಯ ಬೋರ್‌ವೆಲ್ ಮೋಟರ್ ಅಂದುಕೊಂಡಿದ್ದೀರಾ ಎಂದು ಕೇಳಿದೆ. ನನ್ನ ತಂದೆಯ ವಯಸ್ಸಿನ ಮನುಷ್ಯ.

ಅವರು ತಲೆ ತಗ್ಗಿಸಲಿಲ್ಲ.

"ಇಳಿಸಿದ್ದು ನಾನೇ ಮೇಡಂ. ಒಳಗೆ ಫ್ಯಾನು ಗುಂಯ್ ಅಂತಿತ್ತು, ಕಂಪ್ಯೂಟರ್ ಗಾಜಿನ ಮೇಲೆ ಏನೂ ಅಲ್ಲಾಡ್ತಿರ್ಲಿಲ್ಲ. ಮೋಟರ್ ಓಡ್ತಾ ಇದ್ದು ಕೆಲಸ ನಿಂತ್ರೆ ಯೋಚನೆ ಮಾಡ್ಬೇಡ, ಮೊದ್ಲು ಮೇನ್ ಇಳ್ಸು. ನಮಗೆ ಕಲಿಸಿರೋದೇ ಹಂಗೆ."

ಇಪ್ಪತ್ತಮೂರು ವರ್ಷ ಲೇತ್ ಮುಂದೆ ನಿಂತವರು. ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಲೇತ್ ಅವರ ಬಲಗೈಯ ಎರಡು ಬೆರಳು ತಿಂದಿತ್ತು. ಆ ಹೊತ್ತು ಸ್ವಿಚ್ಚಿನ ಹತ್ತಿರ ಇದ್ದವನು, ತಾನಾಗಿ ಸರಿಹೋಗುತ್ತೇನೋ ಎಂದು ನೋಡುತ್ತ ನಿಂತಿದ್ದನಂತೆ. ಅಂದಿನಿಂದ ಹನುಮಯ್ಯನವರು ಯಾವ ಸ್ವಿಚ್ಚಿನ ಮುಂದೆಯೂ ನೋಡುತ್ತ ನಿಂತವರಲ್ಲ. ಲೇತಿಗೆ ಕೈ ಆಗದೆ ಅಳತೆಯ ಕೆಲಸಕ್ಕೆ ಬಂದಿದ್ದರು. ಈ ಕುರ್ಚಿಯೂ ಹೋದರೆ ಉಳಿಯುವುದು ಗೇಟು ಕಾಯುವ ಕೆಲಸ ಮಾತ್ರ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಆವತ್ತೇ ಯಾರೋ ಹೇಳಿದರು.

ಗೊತ್ತಿದ್ದೂ ನಾನು ಸರ್ವಿಸ್ ಫಾರಂನಲ್ಲಿ 'ಆಪರೇಟರ್ ತಪ್ಪು' ಎಂದು ಬರೆದು ಸಹಿ ಹಾಕಿದೆ. ಹಾಗೇ ಬರಿ ಎಂದವರು ವೆಂಕಟಗಿರಿ, ನಿಜ. ಆದರೆ ಪೆನ್ನು ಹಿಡಿದಿದ್ದ ಕೈ ನನ್ನದು.

ಮಾರನೇ ದಿನ ಸಂಜೆ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಕಳ್ಳನನ್ನು ಹಿಡಿಯಲು ಕೂತ ಪೊಲೀಸರ ಹಾಗೆ ಕೂತಿದ್ದೆ. ಅವರು ಕೀ ಒತ್ತಿದರು. ಪರದೆ ಕಲ್ಲಾಯಿತು. ಮೌಸ್ ಒತ್ತಿದರೆ ಉತ್ತರವಿಲ್ಲ, ಕೀ ಒತ್ತಿದರೆ ಕೇಳುವವರಿಲ್ಲ. ಒಂದು ನಿಮಿಷ, ಎರಡು ನಿಮಿಷ. ಹನುಮಯ್ಯನವರ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಅದನ್ನು ಅವರೇ ಎಡಗೈಯಿಂದ ಹಿಡಿದುಕೊಂಡು ಕೂತರು. ಮೂರನೇ ನಿಮಿಷಕ್ಕೆ, ನಾಚಿಕೆಯಾಗಬೇಕು, ಸ್ವಿಚ್ ಇಳಿಸಲು ನನ್ನ ಕೈಯೇ ಎದ್ದಿತು. ರಿಪೋರ್ಟ್ ಬಂದಾಗ ಏಳು ನಿಮಿಷವಾಗಿತ್ತು.

ಆ ಕಂಪ್ಯೂಟರಿಗೆ ಹಾಕಿದ್ದ ಹೊಸ ಸಿಸ್ಟಮ್ಮಿನಲ್ಲಿ ಒಂದೇ ಪ್ರೋಗ್ರಾಂ ಎರಡು ಕೆಲಸವನ್ನು ಒಟ್ಟಿಗೆ ನಡೆಸಬಹುದಿತ್ತು. ಒಂದೊಂದಕ್ಕೂ ಥ್ರೆಡ್ ಎಂದು ಹೆಸರು. ಪರದೆ ನೋಡಿಕೊಳ್ಳುವ ಥ್ರೆಡ್ ಒಂದು, ತಾಳೆ ನೋಡುವ ಥ್ರೆಡ್ ಇನ್ನೊಂದು. ನಾನು ಮಹಾ ಬುದ್ಧಿವಂತೆ, ತಾಳೆಯ ಕೆಲಸವನ್ನು ಎರಡನೆಯದಕ್ಕೆ ಒಪ್ಪಿಸಿ, ಅದು ಮುಗಿಯುವ ತನಕ ಅಲುಗಾಡದೆ ಕಾಯುತ್ತಿರು ಎಂದು ಮೊದಲನೆಯದಕ್ಕೆ ಒಂದು ಸಾಲು ಬರೆದಿದ್ದೆ. ಪರದೆಯನ್ನು ನೋಡಿಕೊಳ್ಳಬೇಕಾದದ್ದೇ ಕೈಕಟ್ಟಿ ನಿಂತರೆ ಪರದೆ ಅಲ್ಲಾಡುವುದು ಹೇಗೆ? ಆಫೀಸಿನಲ್ಲಿ ಇಪ್ಪತ್ತೇ ಅಳತೆ ಹಾಕಿ ಪರೀಕ್ಷೆ ಮಾಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಇಲ್ಲಿ ದಿನಕ್ಕೆ ಸಾವಿರದೈನೂರು ಅಳತೆ.

ಇದನ್ನೆಲ್ಲ ಹನುಮಯ್ಯನವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನಮ್ಮೂರಲ್ಲಿ ಸೀಮೆಎಣ್ಣೆ ಲಾರಿ ಬರೋಕೆ ಮುಂಚೆ ಡಿಪೋ ಮುಂದೆ ಡಬ್ಬ ಸಾಲಾಗಿ ಇಟ್ಬಿಟ್ಟು ಮನೆ ಕೆಲಸಕ್ಕೆ ಹೋಗ್ತಾರೆ ಮೇಡಂ. ಲಾರಿ ಬಂದಾಗ ಯಾರಾದ್ರೂ ಕೂಗ್ತಾರೆ. ನಿಮ್ದು ಯಾಕೆ ಡಬ್ಬ ತಬ್ಕೊಂಡು ನಿಂತಿದೆ?"

ನಾಲ್ಕು ವರ್ಷ ಕಾಲೇಜು ಓದಿದ ನನಗೆ ಇದು ಹೊಳೆದಿರಲಿಲ್ಲ. ನಾಲ್ಕು ದಿನ ಕೂತು ಡಬ್ಬ ಇಟ್ಟು ಹೋಗುವ ಹಾಗೆಯೇ ಬದಲಾಯಿಸಿದೆ. ತಾಳೆಯ ಥ್ರೆಡ್ ತನ್ನ ಪಾಡಿಗೆ ದುಡಿಯುತ್ತದೆ, ಮುಗಿದಾಗ ಕೂಗು ಹಾಕುತ್ತದೆ. ಪರದೆಯ ಥ್ರೆಡ್ ಯಾರಿಗೂ ಕಾಯದೆ, ನೂರು ಆಯಿತು, ಇನ್ನೂರು ಆಯಿತು ಎಂದು ತೋರಿಸುತ್ತಿರುತ್ತದೆ. ತಪ್ಪು ನಮ್ಮದೆಂದು ಪತ್ರ ಬರೆಯೋಣ ಎಂದು ವೆಂಕಟಗಿರಿಯವರನ್ನು ಕೇಳಿದೆ. ತಪ್ಪೊಪ್ಪಿಕೊಂಡ ಕಂಪನಿಗೆ ಇನ್ನೊಂದು ಆರ್ಡರ್ ಯಾರು ಕೊಡುತ್ತಾರೆ ಎಂದರು ಆ ಪುಣ್ಯಾತ್ಮ. ಮರ್ಯಾದೆ ಉಳಿಯಬೇಕಾದದ್ದು ಕಂಪನಿಯದು, ಹೋಗಬೇಕಾದದ್ದು ಎರಡು ಬೆರಳಿಲ್ಲದವರದು. ನಾನೇ ಒಂದು ಪತ್ರ ಬರೆದು, ನನ್ನ ಹೆಸರು ಹಾಕಿ, ಬ್ಯಾಗಿನಲ್ಲಿಟ್ಟುಕೊಂಡು ಹೊರಟೆ.

ಕಾರ್ಖಾನೆಯ ಗೇಟಿನಲ್ಲಿ ಖಾಕಿ ಟೋಪಿ ಹಾಕಿಕೊಂಡು ನಿಂತಿದ್ದವರು ಹನುಮಯ್ಯನವರು.

ಟೋಪಿ ಒಂದು ಸುತ್ತು ದೊಡ್ಡದಾಗಿತ್ತು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಒಳಗೆ ಹೇಳಿಬಂದರು. ಗುರುಬಸಪ್ಪನವರು ಮುಕ್ಕಾಲು ಗಂಟೆ ಕಾಯಿಸಿದರು. ಹನುಮಯ್ಯನವರು ಐದೈದು ನಿಮಿಷಕ್ಕೊಮ್ಮೆ ಒಳಗೆ ಹೋಗಿಬಂದು, ಸಾಹೇಬರು ಫೋನಿನಲ್ಲಿದ್ದಾರೆ, ಈಗ ಫೋನ್ ಇಟ್ಟರು, ಈಗ ಯಾರೋ ಬಂದಿದ್ದಾರೆ ಎಂದು ಹೇಳುತ್ತಲೇ ಇದ್ದರು. ಹೀಗೆ ಓಡಾಡಬೇಡಿ, ನಾನು ಕಾಯುತ್ತೇನೆ ಎಂದೆ.

"ಸುಮ್ನೆ ಕೂರಿಸಿದ್ರೆ ನಮ್ಮನ್ನ ಮರೆತೇಬಿಟ್ರು ಅನ್ಕೊಂಡು ಜನ ಎದ್ದು ಹೋಗ್ಬಿಡ್ತಾರೆ ಮೇಡಂ. ಏನಾಗ್ತಾ ಇದೆ ಅಂತ ಹೇಳ್ತಾ ಇರ್ಬೇಕು."

ಗುರುಬಸಪ್ಪನವರು ನನ್ನ ಪತ್ರವನ್ನು ಎರಡು ಸಲ ಓದಿದರು. ಪಾಪ, ಒಳ್ಳೆಯ ಕೆಲಸಗಾರ ಎಂದರು. ಆದರೆ ಆ ಜಾಗಕ್ಕೆ ಆಗಲೇ ಒಬ್ಬರು ಡಿಪ್ಲೊಮಾ ಓದಿದವರು ಬಂದಾಗಿದೆ, ನಿಮ್ಮ ಫಾರಂ ನೋಡಿಯೇ ಅವರನ್ನು ಗೇಟಿಗೆ ಹಾಕಿದ್ದು, ಆರ್ಡರ್ ಆದ ಮೇಲೆ ಮುಗಿಯಿತು ಎಂದು ಪತ್ರದ ಮೇಲೆ ಪೇಪರ್‌ವೇಟ್ ಇಟ್ಟರು. ನಾನು ಮೇಜು ಗುದ್ದಿ ಮಾತಾಡಿದೆ. ಇನ್ನೊಂದು ಸಲ ನಿಮ್ಮನ್ನು ಈ ಕಾರ್ಖಾನೆಗೆ ಕಳಿಸುವುದು ಬೇಡವೆಂದು ವೆಂಕಟಗಿರಿಯವರಿಗೆ ಹೇಳುತ್ತೇನೆ ಎಂದರು. ಹೇಳಿ ಎಂದೆ. ಹೊಸ ಪ್ರೋಗ್ರಾಂ ಹಾಕಿಕೊಟ್ಟು ಹೊರಗೆ ಬಂದೆ.

ಗೇಟಿನಲ್ಲಿ ಅವರು ನನ್ನ ಮುಖ ನೋಡಿದರು. ಪತ್ರದ ವಿಷಯ ಕೇಳಲಿಲ್ಲ. ಕುರ್ಚಿಯ ವಿಷಯವನ್ನೂ ಕೇಳಲಿಲ್ಲ.

"ಈಗ ಗಾಜು ಅಲ್ಲಾಡುತ್ತಾ ಮೇಡಂ?"

ಅಲ್ಲಾಡುತ್ತದೆ ಎಂದೆ.

"ಹಂಗಾದ್ರೆ ಹೊಸಬರಿಗೆ ಈ ತೊಂದ್ರೆ ಇಲ್ಲ, ಬಿಡಿ" ಎಂದು ಮೂರು ಬೆರಳಿನ ಕೈಯಿಂದ ಚಿಲಕ ತೆಗೆದು ನನಗೆ ಗೇಟು ತೆರೆದರು.