ಅಮ್ಮನ ಸಡಿಲ ಅಂಗೈ

ಕಿವಿ ಮೆಷೀನು ಆನ್ ಆಗಿದೆಯೋ ಇಲ್ಲವೋ ನೋಡಲು ನಾವು ಅದರ ಮೇಲೆ ಅಂಗೈ ಮುಚ್ಚುತ್ತೇವೆ. ಸಣ್ಣಗೆ ಶಿಳ್ಳೆ ಬಂದರೆ ಸರಿ. ವುಡ್‌ಬ್ರಿಡ್ಜ್‌ನ ಒಂದು ಮನೆಯಲ್ಲಿ ವಯಸ್ಸಾದ ಅಣ್ಣ-ತಂಗಿ ಇಬ್ಬರಿಗೂ ಹೊಸ ಮೆಷೀನು ಹಾಕಲು ಹೋಗಿದ್ದೆ. ಅಣ್ಣನದು ಮುಗಿಸಿ ತಂಗಿಯ ಕಿವಿ ಮುಚ್ಚಿದರೆ, ಆ ಅಜ್ಜಿ ನಕ್ಕುಬಿಟ್ಟರು.

"ಅಮ್ಮ ಹೀಗೇ ಮುಚ್ತಿದ್ಲು. ಅಪ್ಪ ಯುದ್ಧಕ್ಕೆ ಹೋಗಿದ್ದ. ರೇಡಿಯೋದಲ್ಲಿ ಇಪ್ಪತ್ತು ಪ್ರಶ್ನೆಯ ಆಟ ಬರ್ತಿತ್ತು. ಸ್ಟುಡಿಯೋದವರು ಪ್ರಶ್ನೆ ಕೇಳಿ ಕೇಳಿ ಉತ್ತರ ಹುಡುಕಬೇಕು, ಮನೆಯಲ್ಲಿ ಕೇಳೋರಿಗೆ ಮಾತ್ರ ಮೊದಲೇ ಹೇಳಿಬಿಡೋರು. ನಾವೂ ಆಡಬೇಕಲ್ಲ! ಅದಕ್ಕೆ ಉತ್ತರ ಹೇಳೋ ಹೊತ್ತಿಗೆ ಅಮ್ಮ ಇಬ್ಬರನ್ನೂ ಅಕ್ಕಪಕ್ಕ ಒತ್ತಿಕೊಂಡು ಕೂರೋಳು. ಒಂದು ಕಿವಿ ಅವಳ ಮೈಗೆ, ಇನ್ನೊಂದರ ಮೇಲೆ ಅವಳ ಅಂಗೈ."

ಇನ್ನೂ ಮೂರು ಮನೆ ಬಾಕಿ ಇತ್ತು. ಆದರೂ ಏಳಲು ಮನಸ್ಸಾಗಲಿಲ್ಲ.

ಅಜ್ಜಿ ಅಣ್ಣನ ಕಡೆ ನೋಡಿ ದನಿ ತಗ್ಗಿಸಿದರು. "ನನ್ನ ಕಿವಿ ಮೇಲೆ ಮಾತ್ರ ಕೈ ಸಡಿಲ. ಚಿಕ್ಕವಳಲ್ವಾ? ಎಲ್ಲಾ ಕೇಳಿಸ್ತಿತ್ತು, ದಿನಾ ನಾನೇ ಗೆಲ್ತಿದ್ದೆ. ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. "ನನ್ನ ಕಿವಿ ಮೇಲೂ ಸಡಿಲವೇ ಇತ್ತು ಕಣೇ. ನೀನೇ ಮೊದಲು ಹೇಳ್ಲಿ ಅಂತ ಸುಮ್ಮನಿರ್ತಿದ್ದೆ."

ನಾನು ಫಾರಂ ತೆಗೆದು ಅಣ್ಣನ ಹೆಸರಿನ ಮುಂದೆ ಬರೆದುಕೊಂಡೆ: ಪಿಸುಮಾತೂ ಕೇಳಿಸುತ್ತದೆ.